ಅವ್ವನ ಬಾಯಿ ನೋಡಿದ್ದೀರಾ?



ರಜೆಗೆ ಊರಿಗೆ ಹೋಗ್ತೀರಿ. ಅವ್ವ ಮಾಡಿದ್ದು ಉಂಡು ಹಾಸ್ಟೆಲ್ಲಿಗೆ ವಾಪಸ್ ಬರ್ತೀರಿ. ಒಂದು ಸಲವಾದರೂ ಅವ್ವನ ಬಾಯಿ ತೆರೆಸಿ ಒಳಗೆ ನೋಡಿದ್ದೀರಾ?

ತರೀಕೆರೆ, ಕಡೂರು ಸೀಮೆಯಲ್ಲಿ ಅಡಿಕೆ ಸುಲಿಯುವವರು ಯಾರು? ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ ಕೀಳುವವರು ಯಾರು? ಕೇರಿಯ ಹೆಂಗಸರು. ಹೊತ್ತು ಮೀರಿದ ಹಸಿವನ್ನು ಎಲೆ, ಅಡಿಕೆ, ಹೊಗೆಸೊಪ್ಪಿನಲ್ಲಿ ಅದುಮಿಟ್ಟವರು. ಹೊಗೆಸೊಪ್ಪು ಬಾಯಿ ಕ್ಯಾನ್ಸರ್ ತರುತ್ತದೆಂಬುದು ಹಳೆಯ ಮಾತು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿತು. ಅಡಿಕೆ ಧಾರಣೆ ದಿನಾ ಪೇಪರಿನಲ್ಲಿ ಬರುತ್ತದೆ. ಈ ಮಾತು ಮಾತ್ರ ಕೇರಿಯವರೆಗೆ ಬರಲಿಲ್ಲ.

ಕೆನ್ನೆಯೊಳಗೆ, ನಾಲಿಗೆಯ ಅಂಚಿನಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಸುಮ್ಮನಿರಬೇಡಿ. ಮೊದಮೊದಲು ಎಷ್ಟೋ ಜನಕ್ಕೆ ನೋವೇ ಇರೋದಿಲ್ಲ.

"ಕತ್ತಿ ತಾಗಿದ್ರೆ ಹಬ್ಬುತ್ತೆ, ಕೊಯ್ಸಬೇಡಿ" ಅಂತಾರೆ ಊರಲ್ಲಿ. ಇದು ಸುಳ್ಳು. ತಡ ಮಾಡಿದರೆ ಹಬ್ಬುತ್ತದೆ. ಮೊದಲು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕ್ಯಾನ್ಸರ್ ಎಂದಾದರೆ ಹುಣ್ಣನ್ನೂ, ಅದರ ಸುತ್ತಲಿನ ಸುಮಾರು ಒಂದು ಸೆಂಟಿಮೀಟರ್ ಒಳ್ಳೆ ಮಾಂಸವನ್ನೂ ಕೊಯ್ದು ತೆಗೆಯುತ್ತಾರೆ. ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುತ್ತಾರೆ. ಗಂಟೇ ಇಲ್ಲದಿರುವಾಗ ಅದ್ಯಾಕೆ? ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಆರಂಭದ ಹಂತದ 500 ರೋಗಿಗಳ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಗ್ರಂಥಿಗಳನ್ನು ಮೊದಲೇ ತೆಗೆದವರಲ್ಲಿ ಮೂರು ವರ್ಷದ ಮೇಲೆ ನೂರಕ್ಕೆ 80 ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆಯೋಣವೆಂದು ಬಿಟ್ಟವರಲ್ಲಿ 67-68.

ಇನ್ನೂ ತಡವಾದರೆ ದವಡೆಯ ಮೂಳೆಯೂ ಹೋಗಬಹುದು. ಆಗ ಎದೆಯ ಮಾಂಸವನ್ನೋ ಕಾಲಿನ ಮೂಳೆಯನ್ನೋ ತಂದು ಜೋಡಿಸಬೇಕು. ಮಾತಾಡೋದು, ನುಂಗೋದು ಮತ್ತೆ ಕಲಿಯಬೇಕು. ಈ ತಡಕ್ಕೆ ಅವ್ವನನ್ನು ದಡ್ಡಿ ಅನ್ನಬೇಡಿ. ಆಸ್ಪತ್ರೆಗೆ ಹೋದ ದಿನ ಕೂಲಿ ಇಲ್ಲ. ಚೀಟಿ ಓದೋರಿಲ್ಲ, ಜೊತೆಗೆ ಬರೋರಿಲ್ಲ.

ಅಕ್ಷರ ಕಲಿತ ನಾವಿದ್ದೇವಲ್ಲ, ಯಾತಕ್ಕೆ? ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೆಫರಲ್ ಚೀಟಿ ಬರೆಸಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಹಕ್ಕಾಗಿ ಉಂಟು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇರುವುದು ಇದೇ ಕಾಯಿಲೆಗೆ. ನಮ್ಮ ಮೂರೂ ಊರುಗಳಲ್ಲಿ ರೈಲು ನಿಲ್ದಾಣವಿದೆ.

ಇನ್ನು ನಿಮ್ಮ ಜೇಬು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ವ್ಯಾಪಾರದವರು ಪಾನ್ ಮಸಾಲೆಗೊಂದು, ತಂಬಾಕಿಗೊಂದು ಪೊಟ್ಟಣ ಮಾಡಿ ಮಾರಿದರು. ಅವ್ವ ಹಸಿವಿಗೆ ಅಗಿದಳು. ನೀವು ಯಾವುದಕ್ಕೆ ಅಗಿಯುತ್ತೀರಿ?

ಮೊದಲು ಆ ಪೊಟ್ಟಣ ಎಸೆಯಿರಿ. ಆಮೇಲೆ ಅವ್ವನ ಬಾಯಿ ನೋಡಿ. ಈ ರಜೆಯಲ್ಲೇ.