ಕಲ್ಲು ನೆಟ್ಟದ್ದು ಕೃತ್ಯಕ್ಕೆ, ವ್ಯಕ್ತಿಗಲ್ಲ

ಜನನಾಯಕರೆನಿಸಿಕೊಂಡವರ ಮೇಲೆ ಗಂಭೀರ ಆರೋಪ ಬಂದಾಗಲೆಲ್ಲ ಕರ್ನಾಟಕದ ಸಾರ್ವಜನಿಕ ಚರ್ಚೆ ಬಹುಬೇಗ ಎರಡು ಪಾಳೆಯಗಳಾಗಿ ಒಡೆಯುತ್ತದೆ: ಆರೋಪವೇ ಪಿತೂರಿ ಎನ್ನುವವರು ಒಂದು ಕಡೆ, ಆ ಮನುಷ್ಯ ಈವರೆಗೆ ಮಾಡಿದ್ದೆಲ್ಲ ಬರೀ ನಾಟಕ ಎನ್ನುವವರು ಇನ್ನೊಂದು ಕಡೆ. ಹೊರನೋಟಕ್ಕೆ ಎದುರುಬದುರಾದ ಈ ವಾದಗಳು ಒಂದೇ ನಂಬಿಕೆಯ ಮೇಲೆ ನಿಂತಿವೆ. ಗೌರವ ಸಲ್ಲುವುದು ಇಡೀ ವ್ಯಕ್ತಿಗೆ, ಹಾಗಾಗಿ ಉಳಿದರೆ ಪೂರ್ತಿ ಉಳಿಯಬೇಕು, ಹೋದರೆ ಬೇರುಸಹಿತ ಹೋಗಬೇಕು ಎಂಬುದೇ ಆ ನಂಬಿಕೆ. ಅದನ್ನು ಪರೀಕ್ಷೆಗೊಡ್ಡಲು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಷ್ಟು ತಕ್ಕ ನೆಲ ಬೇರೆ ಸಿಗುವುದು ಕಷ್ಟ. ಸಾವಿರ ವರ್ಷಗಳ ಹಿಂದೆ ವೀರರನ್ನು ನೆನೆದ ಬಗೆಗೂ, ಸ್ವಾತಂತ್ರ್ಯ ಹೋರಾಟದ ಅತಿ ಇಕ್ಕಟ್ಟಿನ ನೆನಪಿಗೂ, ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟು ಅವರ ಏಳುಬೀಳುಗಳನ್ನು ಕಂಡ ಅನುಭವಕ್ಕೂ ಈ ಎರಡು ತಾಲ್ಲೂಕುಗಳು ಸಾಕ್ಷಿಯಾಗಿವೆ.

ಇಲ್ಲಿನ ಕೆರೆ ಏರಿ, ದೇವಸ್ಥಾನದ ಅಂಗಳ, ಊರಬಾಗಿಲುಗಳಲ್ಲಿ ವೀರಗಲ್ಲುಗಳು, ಎಂದರೆ ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಶಿಲೆಗಳು, ಹೇರಳವಾಗಿವೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳು ದೊಡ್ಡ ಪಾಲನ್ನೇ ಪಡೆದಿವೆ. ಇಂಥ ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ನಡುನಡುವಿನ ಸಾಲುಗಳಲ್ಲಿ ಆಳುತ್ತಿದ್ದ ಅರಸನ ಹೆಸರು, ಸಂವತ್ಸರ, ಕಾಳಗಕ್ಕೆ ಕಾರಣ ಇವು ಬರುತ್ತವೆ. ಆ ಕಾರಣ ದನಗಳ ಹಿಂಡನ್ನು ಹೊಡೆದೊಯ್ಯುವ ತುರುಗೋಳ್ ಆಗಿರಬಹುದು, ಹೆಣ್ಣಿನ ಮಾನಕ್ಕೆ ಕುತ್ತು ಬಂದಾಗ ನಡೆದ ಪೆಣ್ಬುಯ್ಯಲ್ ಆಗಿರಬಹುದು, ಊರನ್ನೇ ಹಾಳುಗೆಡವಿದ ಊರಳಿವು ಆಗಿರಬಹುದು. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟುಕೊಟ್ಟದ್ದೂ ಉಂಟು. ಇಷ್ಟೆಲ್ಲ ಹೇಳುವ ಕಲ್ಲು, ಆತ ಕೈಸಾಲ ತೀರಿಸುತ್ತಿದ್ದನೇ, ನೆರೆಯವರೊಡನೆ ನೆಟ್ಟಗಿದ್ದನೇ ಎಂಬ ಗೊಡವೆಗೆ ಹೋಗುವುದಿಲ್ಲ. ಹೋದ ದನಗಳನ್ನು ಮರಳಿಸಲು ಹೋರಾಡಿ ಸತ್ತವನಿಗಷ್ಟೇ ಅಲ್ಲ, ಒಡೆಯನ ಅಪ್ಪಣೆಯಂತೆ ಬೇರೆ ಊರಿನ ಮೇಲೆ ಬಿದ್ದು ಸತ್ತವನಿಗೂ ಕಲ್ಲು ನಿಂತಿದೆ, ಅಂದರೆ ಒಂದು ಊರಿನ ವೀರ ಪಕ್ಕದ ಊರಿಗೆ ದನಗಳ್ಳನಾಗಿರುವ ಸಾಧ್ಯತೆ ಆ ವ್ಯವಸ್ಥೆಯೊಳಗೇ ಇತ್ತು. ಒಡೆಯರಿಗೆ ನಿಷ್ಠೆಯಿಂದ ಸಾಯುವ ಆಳುಗಳು ಬೇಕಿದ್ದ ಕಾಲದ ಪದ್ಧತಿ ಅದಾದ್ದರಿಂದ ಅದನ್ನು ಆದರ್ಶವೆಂದು ಕೊಂಡಾಡಬೇಕಿಲ್ಲ. ಹೊಗಳಿಕೆಗೆ ಅದು ಹಾಕಿಕೊಂಡ ಗಡಿಯನ್ನು ಮಾತ್ರ ಗಮನಿಸಬೇಕು. ಕಲ್ಲು ಮನ್ನಿಸಿದ್ದು ಒಂದು ದಿನದ ಒಂದು ಕೃತ್ಯವನ್ನು.

ಈ ಗಡಿ ಎಲ್ಲಿ ಕಠಿಣವಾಗುತ್ತದೆ ಎಂಬುದನ್ನು ಶಿಕಾರಿಪುರ ತಾಲ್ಲೂಕಿನ ಈಸೂರು ತೋರಿಸುತ್ತದೆ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡು, ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜ ಹಾರಿಸಿತು. ಅದೇ ಸೆಪ್ಟೆಂಬರ್ 28ರಂದು ಊರಿಗೆ ಬಂದ ಅಧಿಕಾರಿಗಳಿಗೂ ಜನರಿಗೂ ನಡೆದ ಘರ್ಷಣೆಯಲ್ಲಿ ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಕೊಲೆಯಾದರು. ಆಮೇಲೆ ಪೊಲೀಸರು ಊರಿನ ಮೇಲೆರಗಿದಾಗ ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ನಾಡಿನ ಬಾಯಲ್ಲಿ ಉಳಿಯಿತು.

ಇಲ್ಲಿ ತಪ್ಪು ವೀರರ ಬದುಕಿನ ಬೇರೆ ಯಾವುದೋ ಮೂಲೆಯಲ್ಲಿ ಇಲ್ಲ, ಗೌರವಕ್ಕೆ ಪಾತ್ರವಾದ ಘಟನೆಯ ಒಳಗೇ ಇದೆ. ಅಹಿಂಸೆಯ ಹೆಸರಿನಲ್ಲಿ ನಡೆದ ಚಳವಳಿಯೊಂದರಲ್ಲಿ ಇಬ್ಬರು ಸರ್ಕಾರಿ ನೌಕರರನ್ನು, ಅದೂ ಬ್ರಿಟಿಷರಲ್ಲದ, ಇದೇ ನಾಡಿನವರಾದ ಇಬ್ಬರನ್ನು ಗುಂಪು ಕೊಂದಿತು. ಆದರೂ ಈಸೂರಿನ ಗೌರವ ಕುಸಿಯಬೇಕಾಗಿಲ್ಲ, ಏಕೆಂದರೆ ನಾಡು ಮನ್ನಿಸುತ್ತಿರುವುದು ಕೊಲೆಯನ್ನಲ್ಲ, ಒಂದು ಹಳ್ಳಿ ಪ್ರಭುತ್ವಕ್ಕೆ ಬಾಗದೆ ನಿಂತು ಅದಕ್ಕೆ ತೆತ್ತ ಬೆಲೆಯನ್ನು. ಆದರೆ ಈ ಉತ್ತರ ಪ್ರಾಮಾಣಿಕವಾಗಬೇಕಾದರೆ ಈಸೂರಿನ ಕಥೆ ಹೇಳುವವರು ಚೆನ್ನಕೃಷ್ಣಪ್ಪ ಮತ್ತು ಕೆಂಚೇಗೌಡರ ಹೆಸರನ್ನು ಅದೇ ಉಸಿರಿನಲ್ಲಿ ಹೇಳಬೇಕು. ಅವರಿಬ್ಬರನ್ನು ಬರೀ ‘ಅಧಿಕಾರಿಗಳು’ ಎಂದು ದಾಟಿಸಿಬಿಟ್ಟಾಗ ನೆನಪು ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ.

ಚುನಾವಣಾ ರಾಜಕಾರಣಕ್ಕೆ ಬಂದರೆ ಲೆಕ್ಕ ಬೇರೆಯಾಗುತ್ತದೆ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ 1967ರಿಂದ ಸತತವಾಗಿ ಅಲ್ಲಿಂದಲೇ ವಿಧಾನಸಭೆಗೆ ಆರಿಸಿಬಂದು, 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ರೈತರ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್, ಬಡವರಿಗೆ ಮನೆ ಕೊಡುವ ಆಶ್ರಯ, ಗ್ರಾಮೀಣ ವಿದ್ಯಾರ್ಥಿಗಳಿಗೆ ಕೃಪಾಂಕ ಮುಂತಾದವುಗಳಿಂದ ಹೆಸರಾದರು. ಸರ್ಕಾರದ ಕಂಪ್ಯೂಟರ್ ಖರೀದಿಗೆ ಸಂಬಂಧಿಸಿದ ಕ್ಲಾಸಿಕ್ ಕಂಪ್ಯೂಟರ್ ಹಗರಣದ ಆರೋಪವನ್ನೂ ಹೊತ್ತು, ಮುಂದೆ ಅದರಿಂದ ಮುಕ್ತರಾದರು. ಕ್ಷೇತ್ರದ ಜನ ಆರೋಪ ತೀರ್ಮಾನವಾಗುವುದನ್ನು ಕಾಯಲಿಲ್ಲ, 1994ರಲ್ಲಿ ಅವರದೇ ಹೊಸ ಪಕ್ಷದಿಂದ ನಿಂತರೂ ಗೆಲ್ಲಿಸಿದರು. ‘ಸೋಲಿಲ್ಲದ ಸರದಾರ’ ಎಂಬ ಬಿರುದು ಹೊತ್ತವರು ಕೊನೆಗಾಲದಲ್ಲಿ ಸೋತದ್ದು ಹಗರಣದಿಂದಲ್ಲ, 2008ರಲ್ಲಿ ಅವರು ಶಿಕಾರಿಪುರಕ್ಕೆ ಹೋಗಿ ಅಲ್ಲಿನ ಬಿ.ಎಸ್. ಯಡಿಯೂರಪ್ಪ ಅವರೆದುರು ನಿಂತಾಗ ಮತ್ತು ಮರುವರ್ಷ ಲೋಕಸಭೆಗೆ ಸ್ಪರ್ಧಿಸಿದಾಗ.

ಯಡಿಯೂರಪ್ಪ ಅವರ ಕತೆಯೂ ಇದೇ ಜಾಡಿನದು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ನಂತರ 2011ರ ಜುಲೈ 31ರಂದು ಅವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಅದೇ ಅಕ್ಟೋಬರ್‌ನಲ್ಲಿ ಡಿನೋಟಿಫಿಕೇಷನ್, ಎಂದರೆ ಸರ್ಕಾರ ಸ್ವಾಧೀನಕ್ಕೆ ಗುರುತಿಸಿದ ಜಮೀನನ್ನು ಕೈಬಿಡುವ ಕ್ರಮ, ಇದಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಜೈಲು ಸೇರಿದರು. 2013ರಲ್ಲಿ ಹೊಸ ಪಕ್ಷದಿಂದ ನಿಂತಾಗಲೂ ಶಿಕಾರಿಪುರ ಅವರನ್ನು ಆರಿಸಿತು. ಗಣಿ ಕಂಪನಿಯಿಂದ ಹಣ ಪಡೆದ ಆರೋಪದ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು. ಅವರ ಶಿಕಾರಿಪುರದ ಮನೆಯ ಮೇಲೆ ಕಲ್ಲು ಬಿದ್ದದ್ದು 2023ರ ಮಾರ್ಚ್‌ನಲ್ಲಿ, ಅದೂ ಭ್ರಷ್ಟಾಚಾರಕ್ಕಲ್ಲ, ಒಳಮೀಸಲಾತಿಯಿಂದ ತಮಗೆ ನಷ್ಟವೆಂದು ಸಿಟ್ಟಾದ ಬಂಜಾರ ಸಮುದಾಯದ ಪ್ರತಿಭಟನೆಯಲ್ಲಿ. ಕ್ಷೇತ್ರಗಳು ತಮ್ಮ ನಾಯಕರನ್ನು ಅಳೆಯುವುದು ತಮಗೆ ಏನು ಸಿಕ್ಕಿತು, ಏನು ತಪ್ಪಿತು ಎಂಬುದರಿಂದ. ನಗರದ ಸಂಪಾದಕೀಯಗಳು ಇದನ್ನು ಕುರುಡು ಅಭಿಮಾನ ಎಂದು ಜರೆಯುವುದುಂಟು, ಅದು ಅರ್ಧ ಸರಿ.

ಉಳಿದ ಅರ್ಧಕ್ಕೆ ಇನ್ನೊಂದು ಬಗೆಯ ವಿಂಗಡಣೆ ಬೇಕು: ಹೊರಬಿದ್ದ ತಪ್ಪು ಹೊಗಳಿಸಿಕೊಂಡ ಕೆಲಸವನ್ನೇ ಟೊಳ್ಳು ಮಾಡುತ್ತದೆಯೇ, ಇಲ್ಲವೇ? ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು 2012ರಲ್ಲಿ ಕಿತ್ತುಕೊಂಡದ್ದು ನ್ಯಾಯ, ಏಕೆಂದರೆ ಉದ್ದೀಪನ ಮದ್ದು ಆ ಗೆಲುವುಗಳ ಒಳಗೇ ಇತ್ತು. ಮ್ಯಾನ್ಮಾರ್‌ನ ನಾಯಕಿ ಆಂಗ್ ಸಾನ್ ಸೂಕಿ ಅವರಿಗೆ ಕೊಟ್ಟ ಗೌರವವನ್ನು ಆಮ್ನೆಸ್ಟಿ ಸಂಸ್ಥೆ 2018ರಲ್ಲಿ ಹಿಂಪಡೆದರೂ, ಅವರು ಗೃಹಬಂಧನದಲ್ಲಿ ಸೈನಿಕ ಸರ್ಕಾರವನ್ನು ಎದುರಿಸಿದ್ದು ಅಲ್ಲಿನ ರೋಹಿಂಗ್ಯಾ ಅಲ್ಪಸಂಖ್ಯಾತರ ವಿಷಯದಲ್ಲಿ ವಹಿಸಿದ ಮೌನದಿಂದ ಸುಳ್ಳಾಗುವುದಿಲ್ಲ. ಇದೇ ಅಳತೆಯಲ್ಲಿ, ಶಾಲೆಯ ಹೆಣ್ಣುಮಗುವಿಗೆ ಸಿಕ್ಕ ಸೈಕಲ್ಲು ಅದನ್ನು ಕೊಟ್ಟ ಸರ್ಕಾರದವರ ಮೇಲೆ ಯಾವ ಮೊಕದ್ದಮೆ ನಡೆದರೂ ಸೈಕಲ್ಲಾಗಿಯೇ ಉಳಿಯುತ್ತದೆ, ಆದರೆ ಅಧಿಕಾರದಲ್ಲಿದ್ದು ಜಮೀನು ಕೈಬಿಟ್ಟದ್ದು ಅಪರಾಧವೆಂದು ಸಾಬೀತಾದರೆ ‘ದಕ್ಷ ಆಡಳಿತಗಾರ’ ಎಂಬ ಹೊಗಳಿಕೆ ನಿಲ್ಲಲಾರದು.

ಈ ವಿಂಗಡಣೆ ಅತ್ಯಂತ ಅಗತ್ಯವಾಗುವುದು ದೂರು ಕೊಟ್ಟವರ ದೃಷ್ಟಿಯಿಂದ. 2024ರ ಮಾರ್ಚ್‌ನಲ್ಲಿ ಯಡಿಯೂರಪ್ಪ ಅವರ ವಿರುದ್ಧ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಅವರು ಆರೋಪವನ್ನು ನಿರಾಕರಿಸಿದ್ದಾರೆ, ಪ್ರಕರಣ ಹಲವು ನ್ಯಾಯಾಲಯಗಳ ಮೆಟ್ಟಿಲೇರಿದೆ, ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಅವರು ನಿರ್ದೋಷಿಯೇ ಆಗಿರಬಹುದು. ಆದರೆ ರೈತರಿಗೆ ಪ್ರತ್ಯೇಕ ಬಜೆಟ್ ಕೊಟ್ಟವರು ಹೀಗೆ ಮಾಡಿಯಾರೇ ಎಂದು ಅಭಿಮಾನಿ ಕೇಳುವಾಗ, ಬಜೆಟ್ಟನ್ನು ಸಾಕ್ಷಿಯ ಕಟಕಟೆಗೆ ತಂದು ನಿಲ್ಲಿಸಿದಂತಾಗುತ್ತದೆ, ದೂರುದಾರರ ಮಾತಿಗೆ ವಿಚಾರಣೆಗೆ ಮುನ್ನವೇ ಕಿಮ್ಮತ್ತು ಕಡಿಮೆಯಾಗುತ್ತದೆ. ಮೆಚ್ಚುಗೆಯಿಂದಾಗುವ ನಿಜವಾದ ಹಾನಿ ಇದು. ಪ್ರತಿಮೆ ಉಳಿಯಿತೇ ಉರುಳಿತೇ ಎಂಬ ಪ್ರಶ್ನೆ ಇದರ ಮುಂದೆ ಸಣ್ಣದು.

ಬದುಕಿರುವವರ ಹೆಸರನ್ನು ಸಾರ್ವಜನಿಕ ಆಸ್ತಿಗೆ ಇಡುವ ಚಟವೂ ಈ ಹಾನಿಯನ್ನು ಹೆಚ್ಚಿಸುತ್ತದೆ. ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಯಡಿಯೂರಪ್ಪ ಅವರ ಹೆಸರಿಡಲು ರಾಜ್ಯ ಸರ್ಕಾರ ಮುಂದಾಗಿತ್ತು. ಅವರೇ ಬೇಡವೆಂದ ಮೇಲೆ ಕುವೆಂಪು ಅವರ ಹೆಸರು ಬಂತು, ನಿಲ್ದಾಣ 2023ರ ಫೆಬ್ರುವರಿ 27ರಂದು, ಯಡಿಯೂರಪ್ಪ ಅವರ ಜನ್ಮದಿನದಂದೇ, ಉದ್ಘಾಟನೆಯಾಯಿತು. ಮರುವರ್ಷದ ಪ್ರಕರಣ ದಾಖಲಾದಾಗ ಆ ಫಲಕದ ಮೇಲೆ ಅವರ ಹೆಸರಿದ್ದಿದ್ದರೆ, ಅದನ್ನು ತೆಗೆಯಬೇಕೆನ್ನುವವರೂ ಉಳಿಸಬೇಕೆನ್ನುವವರೂ ಬೀದಿಗಿಳಿದು, ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆ ಹೆಸರಿನ ಜಗಳದಲ್ಲಿ ಮುಳುಗುತ್ತಿತ್ತು. ಅದು ತಪ್ಪಿದ್ದು ಒಬ್ಬರ ಸಂಕೋಚದಿಂದ. ಆ ಸಂಕೋಚದ ಜಾಗದಲ್ಲಿ ಸರ್ಕಾರದ್ದೇ ಒಂದು ನಿಯಮ ಇರಬೇಕಿತ್ತು, ಮತ್ತು ಅದು ಯಾವ ಪಕ್ಷದ, ಯಾವ ತಾಲ್ಲೂಕಿನ ನಾಯಕರಿಗೂ ಒಂದೇ ಆಗಿರಬೇಕಿತ್ತು.