ನಾಡಗೀತೆಗೆ ನಿಂತವರು, ಮದುವೆಗೆ ಕೂತವರು

ಕುವೆಂಪು ಹೆಸರಿನಲ್ಲಿ ನಾವು ಮಾಡುವ ಕೆಲಸಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಎದ್ದು ನಿಲ್ಲುವುದು. ನಾಡಗೀತೆ ಶುರುವಾದರೆ ನಿಲ್ಲುತ್ತೇವೆ, ಮುಗಿದರೆ ಕೂರುತ್ತೇವೆ. ಎಷ್ಟು ಹೊತ್ತು ನಿಲ್ಲಬೇಕೆಂಬುದೂ ಈಗ ನಿಗದಿಯಾಗಿದೆ. 2022ರ ಸರ್ಕಾರಿ ಆದೇಶದ ಪ್ರಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡು. ಇಷ್ಟಕ್ಕೆ ಬರಲು ವರ್ಷಗಟ್ಟಲೆ ಜಗಳ, ಸಮಿತಿ, ಅದಾದ ಮೇಲೂ ಕೋರ್ಟು.

ಇದೇ ಕವಿ ನಾವು ಬಾಯಿಬಿಟ್ಟು ಓದಲೆಂದೇ ಬರೆದುಕೊಟ್ಟ ಇನ್ನೊಂದು ಪಠ್ಯವಿದೆ. ಅದರ ಧಾಟಿಯ ಬಗ್ಗೆ ಯಾರೂ ಜಗಳವಾಡಿಲ್ಲ, ಯಾಕೆಂದರೆ ಹೆಚ್ಚಿನವರು ಅದನ್ನು ತೆರೆದೇ ನೋಡಿಲ್ಲ. ಅದು ‘ಮಂತ್ರ ಮಾಂಗಲ್ಯ’. ಮುಹೂರ್ತ, ಪುರೋಹಿತ, ವರದಕ್ಷಿಣೆ, ದುಂದುವೆಚ್ಚ ಇವಾವುವೂ ಇಲ್ಲದೆ, ಹತ್ತಿರದ ಕೆಲವರ ಎದುರು ಗಂಡು ಹೆಣ್ಣು ಪ್ರತಿಜ್ಞೆ ಮಾಡಿ ದಂಪತಿಗಳಾಗುವ ವಿಧಾನ. ಹೇಳಿ ಕೈತೊಳೆದುಕೊಂಡವರಲ್ಲ ಅವರು. 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನೇ ಹೀಗೆ ಮಾಡಿದರು. ಆಗಲೇ ಅವರು ಜ್ಞಾನಪೀಠದ ಹೊಸ್ತಿಲಲ್ಲಿದ್ದ, ಎರಡು ವರ್ಷದ ಹಿಂದೆಯಷ್ಟೇ ರಾಷ್ಟ್ರಕವಿ ಎನಿಸಿಕೊಂಡಿದ್ದ, ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ನಿವೃತ್ತರಾಗಿದ್ದ ಮನುಷ್ಯ. ಬೇಕೆಂದಿದ್ದರೆ ಅರಮನೆ ಮೈದಾನವೇ ಸಾಲದಂಥ ಮದುವೆ ಮಾಡಬಹುದಿತ್ತು.

ಕುವೆಂಪು ನಮಗೆ ಬಿಟ್ಟುಹೋದದ್ದರಲ್ಲಿ ಅತ್ಯಂತ ದುಬಾರಿಯಾದದ್ದು ಈ ಅಗ್ಗದ ಮದುವೆ. ಅದಕ್ಕೇ ನಾವು ಅದನ್ನು ಮುಟ್ಟುವುದಿಲ್ಲ.

ನನ್ನೂರು ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿ. ನಮ್ಮ ಕಡೆ ವರದಕ್ಷಿಣೆ ಎಂಬ ಶಬ್ದವನ್ನು ಮರ್ಯಾದಸ್ತರು ಬಳಸುವುದಿಲ್ಲ, ‘ವರೋಪಚಾರ’ ಅನ್ನುತ್ತಾರೆ. ಉಪಚಾರದ ಲೆಕ್ಕ ಮಾತ್ರ ತೊಲೆಯಲ್ಲಿ, ಲಕ್ಷದಲ್ಲಿ. ನೌಕರಿ ಇದ್ದ ವರನಿಗೆ ಒಂದು ದರ, ಇಲ್ಲದವನಿಗೆ ಇನ್ನೊಂದು. ನನ್ನ ಕಾಕಾನ ಮಗಳ ಮದುವೆಗೆ ಎರಡು ಎಕರೆ ಹೊಲ ಒತ್ತಿ ಬಿತ್ತು. ವರ ಕನ್ನಡ ಎಂ.ಎ. ಓದಿದವನು. ಮಾತುಕತೆಗೆ ಮೊದಲು ನಾನು ‘ಮಂತ್ರ ಮಾಂಗಲ್ಯ’ದ ಪುಸ್ತಕ ಒಯ್ದು ಕಾಕಾನ ಮುಂದಿಟ್ಟಿದ್ದೆ. ತಿರುವಿ ನೋಡಿ ಆತ ಅಂದದ್ದು ಇಷ್ಟು: “ನಾಡಗೀತೆ ಬರದಾರಲ್ಲ, ಅವರದ ಏನು ಇದು? ಚೊಲೋನ ಐತಿ ತಮ್ಮಾ. ಆದ್ರ ನಾವು ಹಿಂಗ ಮಾಡಿದ್ರ, ರೊಕ್ಕ ಇಲ್ಲ ಅದಕ್ಕ ಹಿಂಗ ಮಾಡ್ಯಾರ ಅಂತಾರ. ಮೊದಲ ನಿಮ್ಮಂಥ ಸಾಲಿ ಕಲಿತವರು ಮಾಡಿ ತೋರಸ್ರಿ.”

ನಾಲ್ಕು ವರ್ಷದಿಂದ ಕುವೆಂಪು ಗದ್ಯದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಯಾವ ವಿಚಾರ ಸಂಕಿರಣದಲ್ಲೂ ಇಷ್ಟು ಸರಿಯಾದ ವಿಮರ್ಶೆ ಕೇಳಿಲ್ಲ. ಬಡವ ಸರಳ ಮದುವೆ ಮಾಡಿಕೊಂಡರೆ ಅದು ಅವನ ಬಡತನ. ಸಂಬಳದವನು ಮಾಡಿಕೊಂಡರೆ ಅದು ಆಯ್ಕೆ. ನಮ್ಮ ಜಾತ್ರೆಗಳ ಸಾಮೂಹಿಕ ವಿವಾಹ ನೋಡಿ. ವೇದಿಕೆ ಮೇಲೆ ನಿಂತು ತಾಳಿ ಹಂಚುವ ಗಣ್ಯರು ತಮ್ಮ ಮಕ್ಕಳನ್ನು ಆ ಸಾಲಿನಲ್ಲಿ ಕೂರಿಸುತ್ತಾರೆಯೇ? ಸರಳತೆ ಅಲ್ಲಿ ದಾನದ ವಸ್ತು. ಕುವೆಂಪು ಹೇಳಿದ್ದು ದಾನದ ಮಾತಲ್ಲ. ಉಳ್ಳವನೇ ಮೊದಲು ಇಳಿದು ಬರಬೇಕು ಅನ್ನುವ ಮಾತು.

ಇದನ್ನು ವಿಶ್ವವಿದ್ಯಾಲಯಗಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡದ್ದು ರೈತಸಂಘ. ನಮ್ಮ ಪಕ್ಕದ ನರಗುಂದದಲ್ಲಿ 1980ರ ಜುಲೈನಲ್ಲಿ ಗೋಲಿಬಾರು ನಡೆದು, ಅದರ ಕಾವಿನಲ್ಲಿ ಬೆಳೆದ ಸಂಘಟನೆ ಅದು. ಸಾಲದ ವಿರುದ್ಧ ಹೋರಾಡುವವರು ಮದುವೆಯ ಸಾಲವನ್ನು ಹಾಗೇ ಬಿಡಲಾಗದೆಂದು ಅವರಿಗೆ ಹೊಳೆದಿತ್ತು. ಹಸಿರು ಶಾಲಿನವರು ಸರಳ ಮದುವೆಗಳನ್ನು ಚಳವಳಿಯಾಗಿಯೇ ನಡೆಸಿದರು. ಕನ್ನಡ ವಿಭಾಗಗಳು ಆ ಹೊತ್ತಿಗೆ ಏನು ಮಾಡುತ್ತಿದ್ದವು ಎಂದು ಕೇಳಬೇಡಿ. ಮಹಾಕಾವ್ಯದ ಮಹೋಪಮೆಗಳನ್ನು ಎಣಿಸುತ್ತಿದ್ದಿರಬೇಕು.

ಇಲ್ಲಿ ಒಂದು ತಕರಾರು ಖಂಡಿತ ಬರುತ್ತದೆ. ಕವಿಯನ್ನು ಕಾವ್ಯದಿಂದ ಅಳೆಯಬೇಕು, ಮದುವೆಯ ಕೈಪಿಡಿಯಿಂದಲ್ಲ ಎಂದು. ಸರಿ, ಕೃತಿಗೇ ಬನ್ನಿ. ತೇಜಸ್ವಿ ಮದುವೆಯ ಮರುವರ್ಷ, 1967ರಲ್ಲಿ, ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾಯಿತು. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಓಡುವುದು ಬೇರೊಂದು ಮದುವೆಯಿಂದ ತಪ್ಪಿಸಲು. ಚಿನ್ನಮ್ಮ ರಾತ್ರಿ ಒಬ್ಬಳೇ ಕಾಡಿಗೆ ನಡೆಯುವುದೂ ಒಲ್ಲದ ಮದುವೆಗೆ ಬೆನ್ನು ತಿರುಗಿಸಿಯೇ. ಹೆಣ್ಣಿನ ಮನಸ್ಸು ಕೇಳದೆ ಸಾಲ, ಜಮೀನು, ಜಾತಿ, ಒಡೆತನ ಸೇರಿ ಗೊತ್ತು ಮಾಡುವ ಮದುವೆಗಳೇ ಆ ಕಾದಂಬರಿಯನ್ನು ಉದ್ದಕ್ಕೂ ಓಡಿಸುತ್ತವೆ. ಕಾದಂಬರಿ ಕೇಳುವ ಪ್ರಶ್ನೆಗೂ ಕೈಪಿಡಿ ಕೊಡುವ ಉತ್ತರಕ್ಕೂ ನಡುವೆ ಗೋಡೆ ಕಟ್ಟಿದವರು ನಾವು. ಗೋಡೆ ಇದ್ದರೆ ಒಂದು ಅನುಕೂಲ: ತಿಮ್ಮಿಯ ಮೇಲೆ ಪ್ರಬಂಧ ಮಂಡಿಸಿದ ವಾರವೇ ವರೋಪಚಾರದ ಮಾತಿಗೆ ಕೂರಬಹುದು.

ಡಿಸೆಂಬರ್ 29 ಬಂದರೆ ಕಾಲೇಜುಗಳಲ್ಲಿ ವಿಶ್ವಮಾನವ ದಿನಾಚರಣೆ. ಈ ಸಲ ಅತಿಥಿಗಳನ್ನು ಕರೆಯುವ ವಿದ್ಯಾರ್ಥಿಗಳು ಒಂದು ಪ್ರಶ್ನೆ ಮೊದಲೇ ಕೇಳಲಿ: ಸರ್, ನಿಮ್ಮ ಮನೆಯ ಮದುವೆ ಹೇಗಾಯಿತು? ಒರಟು ಪ್ರಶ್ನೆ ಅಂತ ಗೊತ್ತು. ಮದುವೆಯಾಗುವ ವಯಸ್ಸಿನಲ್ಲಿರುವ ನಾವು, ಅಂದರೆ ಈ ಪತ್ರಿಕೆಯನ್ನು ಓದುವ ಬಹುಪಾಲು ಜನ, ಅದನ್ನು ನಮ್ಮನ್ನೂ ಕೇಳಿಕೊಳ್ಳಬೇಕು. ವರೋಪಚಾರ ಬೇಡ ಎನ್ನಲು ಗಂಡಿಗೆ ಯಾರ ಅನುಮತಿಯೂ ಬೇಕಿಲ್ಲ. ‘ಮನೆಯವರು ಒಪ್ಪಲಿಲ್ಲ’ ಎಂಬ ನೆಪ ಹೇಳುವ ಗೆಳೆಯರು, ಮನೆಯವರು ಒಪ್ಪದ ಎಷ್ಟೋ ಕೆಲಸಗಳನ್ನು ಧಾರವಾಡದ ಹಾಸ್ಟೆಲಿನಲ್ಲಿ ಧೈರ್ಯವಾಗಿ ಮಾಡಿದವರೇ.

ಸರ್ಕಾರದ ಪಾಲಿನದೂ ಒಂದಿದೆ. ಅಣ್ಣಾದುರೈ ಸರ್ಕಾರ 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ 7ಎ ಎಂಬ ಕಲಮು ಸೇರಿಸಿ, ಪುರೋಹಿತರಿಲ್ಲದ ಸ್ವಾಭಿಮಾನದ ಮದುವೆಗಳನ್ನು ತಮಿಳುನಾಡಿನಲ್ಲಿ ಸಿಂಧು ಮಾಡಿತು. ಪೆರಿಯಾರರ ಆಸೆಗೆ ಅಲ್ಲಿ ಕಾನೂನಿನ ಬಲ ಸಿಕ್ಕಿತು. ಅಂಥ ಕಲಮು ಇಲ್ಲದ ಕಡೆ, ರೂಢಿಯ ಶಾಸ್ತ್ರವಿಲ್ಲದೆ ಮದುವೆಯಾಗುವವರಿಗೆ ಉಳಿಯುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ 30 ದಿನದ ನೋಟಿಸು, ಅದೂ ಕಚೇರಿಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ. ಬೇರೆ ಜಾತಿಯ ಹುಡುಗ ಹುಡುಗಿಗೆ ನಮ್ಮ ಕಡೆ ಆ 30 ದಿನ ಏನೆಂದು ಬಿಡಿಸಿ ಹೇಳಬೇಕಿಲ್ಲ. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪ 2013ರಲ್ಲಿ ತೀರಿಕೊಂಡ ಮೇಲೆ, ಮುಂದಿನ ರಾಷ್ಟ್ರಕವಿ ಯಾರು ಎಂಬ ಚರ್ಚೆ ಆಗಾಗ ಏಳುತ್ತದೆ. ಆ ಪಟ್ಟ ಖಾಲಿ ಬಿದ್ದರೂ ಚಿಂತೆಯಿಲ್ಲ. ಎರಡನೆಯ ರಾಷ್ಟ್ರಕವಿ ಬರೆದಿಟ್ಟ ಮದುವೆಗೆ ಮೊದಲು ನಮ್ಮ ವಿಧಾನಸಭೆಯಲ್ಲಿ ಅಂಥದೊಂದು ಕಲಮು ಬರಲಿ.