ಆಪತ್ಕಾಲದ ನಾಯಕತ್ವವೂ ಕೈಗಾದ ಗುಮ್ಮಟವೂ

ಅಣುವಿದ್ಯುತ್ ಸ್ಥಾವರದಂಥ ಗಹನವಾದ ಯಂತ್ರಕ್ಕೆ ವಿಪತ್ತು ಒದಗಿದಾಗ ಅದನ್ನು ತಿಳಿದವರೇ ನೋಡಿಕೊಳ್ಳಲಿ, ಜನಸಾಮಾನ್ಯರಿಗೆ ತಿಳಿಸಿದರೆ ಗಾಬರಿಯೊಂದೇ ಫಲವೆಂಬ ಮಾತು ವಿದ್ಯಾವಂತರ ಬಾಯಿಂದಲೇ ಹೆಚ್ಚಾಗಿ ಕೇಳಬರುತ್ತದೆ. ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರದಂಥ ಊರಿನವರು ಇದಕ್ಕೆ ಇನ್ನೊಂದು ಮಾತನ್ನೂ ಕೂಡಿಸಬಹುದು: ಕೈಗಾ ಎಲ್ಲಿ, ಕಲ್ಯಾಣವೆಲ್ಲಿ? ಕಾಳೀನದಿಯ ದಂಡೆಯ ಯಂತ್ರ ಕೆಟ್ಟರೆ ಕಾರಂಜಾ ಸೀಮೆಯ ತೊಗರಿಯ ಬೆಳೆಗೇನು? ಈ ಎರಡು ಮಾತುಗಳೂ ಮೇಲುನೋಟಕ್ಕೆ ಜಾಣತನದ ಮಾತುಗಳಾಗಿ ತೋರಿದರೂ ವಿಚಾರಕ್ಕೆ ನಿಲ್ಲತಕ್ಕವಲ್ಲ.

ದೂರದ ಮಾತನ್ನು ಮೊದಲು ನೋಡಬೇಕು. 1993ನೆಯ ಸೆಪ್ಟೆಂಬರ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನರು ಮಲಗಿದ ಹೊತ್ತಿಗೆ, ಕಿಲ್ಲಾರಿಯ ನೆಲ ನಡುಗಿತು. ಔಸಾ, ಉಮರ್ಗಾ ತಾಲೂಕುಗಳ ಕಲ್ಲುಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಬೀದರ, ಕಲಬುರಗಿ ಜಿಲ್ಲೆಗಳವರೂ ಅಂದು ಮನೆ ಬಿಟ್ಟು ಬಯಲಿಗೆ ಬಂದಿದ್ದರು. ಅಲ್ಲಿಯವರೆಗೆ ಸರಕಾರದ ಭೂಕಂಪನಕ್ಷೆಯು ಆ ಪ್ರದೇಶವನ್ನು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ ಇರಿಸಿತ್ತು! ಪರಿಣತರ ನಕ್ಷೆಯಲ್ಲಿ ಇಲ್ಲದ ಆಪತ್ತು ಹೊಸ್ತಿಲಿಗೆ ಬರುವದೆಂಬುದನ್ನು ಈ ಸೀಮೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಕಿಲ್ಲಾರಿಯಲ್ಲಿ ಬಿದ್ದ ಗೋಡೆ ಕಣ್ಣಿಗೆ ಕಾಣುತ್ತಿತ್ತು. ನೆರೆಹೊರೆಯವರು ಯಾರ ಅಪ್ಪಣೆಗೂ ಕಾಯದೆ ಕೈಯಿಂದಲೇ ಮಣ್ಣು ಬಗೆದರು. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸಪ್ಪಳವಿಲ್ಲ. ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ, ಅದರಲ್ಲಿ ಏನಿದೆ ಎಂಬುದನ್ನು ಅಳೆಯುವ ಉಪಕರಣ ಯಾರ ಹತ್ತಿರ ಇರುವದೋ ಅವರು ಬಾಯಿ ತೆರೆದರೆ ಮಾತ್ರ ಉಳಿದವರಿಗೆ ಬದುಕುವ ದಾರಿ. ಆದ್ದರಿಂದ ಬೇರೆ ಆಪತ್ತುಗಳಲ್ಲಿ ಮೌನವು ದೋಷವಾದರೆ, ಇಲ್ಲಿ ಅದು ಹಿಂಸೆಯೇ ಸರಿ.

ಸೋವಿಯತ್ ಒಕ್ಕೂಟದ ಚೆರ್ನೋಬಿಲಿನಲ್ಲಿ 1986ನೆಯ ಏಪ್ರಿಲ್ 26ರ ನಡುರಾತ್ರಿ ದಾಟಿದ ಮೇಲೆ ಸ್ಥಾವರ ಸಿಡಿಯಿತು. ಬೆಳಗಾದ ಮೇಲೆ ಪ್ರಿಪ್ಯಾತ್ ಪಟ್ಟಣದ ಮಕ್ಕಳು ಎಂದಿನಂತೆ ಶಾಲೆಗೆ ಹೋದರು, ಬೀದಿಯಲ್ಲಿ ಆಡಿದರು. ಸುಮಾರು 36 ತಾಸುಗಳಾದ ಮೇಲೆ ಊರನ್ನು ತೆರವು ಮಾಡಿಸಲಾಯಿತು. ಸ್ವೀಡನ್ನಿನ ಒಂದು ಸ್ಥಾವರದ ಉಪಕರಣಗಳು ಕೂಗಿಕೊಂಡ ಬಳಿಕವೇ, 28ರ ಸಾಯಂಕಾಲ, ಮಾಸ್ಕೋ ನಗರವು ಚುಟುಕಾದ ನಾಲ್ಕು ಮಾತು ಆಡಿತು. ಅದು ನಿರಂಕುಶ ಪ್ರಭುತ್ವ, ಅಲ್ಲಿ ಹಾಗೆಯೇ ನಡೆಯುವದೆಂದು ಸಮಾಧಾನ ಹೇಳಿಕೊಳ್ಳುವವರು ಪ್ರಜಾಪ್ರಭುತ್ವದ ಜಪಾನನ್ನು ನೋಡಲಿ. 2011ನೆಯ ಮಾರ್ಚ್ 11ರ ಸುನಾಮಿಯ ತರುವಾಯ ಫುಕುಶಿಮಾದಿಂದ ವಿಕಿರಣ ಎತ್ತ ಹರಡಬಹುದೆಂದು ಲೆಕ್ಕ ಹಾಕುವ ಯಂತ್ರ ಸರಕಾರದ ಬಳಿಯಲ್ಲಿತ್ತು. ಅದು ಲೆಕ್ಕವನ್ನು ಹಾಕುತ್ತಲೂ ಇತ್ತು. ಊರುಗಳ ಮುಖ್ಯಸ್ಥರಿಗೆ ಅದನ್ನು ಕೊಡಲಿಲ್ಲ. ನಾಮಿಯೆ ಪಟ್ಟಣದವರು ಸುರಕ್ಷಿತವೆಂದು ನಂಬಿ ವಾಯವ್ಯದ ತ್ಸುಶಿಮಾ ಭಾಗಕ್ಕೆ ಹೋಗಿ ನೆಲಸಿದರು. ವಿಷದ ಮೋಡವೂ ಅದೇ ದಿಕ್ಕಿಗೆ ಹೋಯಿತು.

ಆ ಸ್ಥಾವರದ ಮುಖ್ಯಾಧಿಕಾರಿ ಮಸಾವೊ ಯೊಶಿದಾ ಎಂಬವನನ್ನು ಲೋಕವು ವೀರನೆಂದು ಕೊಂಡಾಡುತ್ತದೆ. ಕಾದು ಕರಗುತ್ತಿದ್ದ ಇಂಧನದ ಮೇಲೆ ಸಮುದ್ರದ ನೀರು ಹಾಯಿಸುವದನ್ನು ನಿಲ್ಲಿಸೆಂದು ಟೋಕಿಯೊದಿಂದ ಸೂಚನೆ ಬಂದಾಗ, ಎಲ್ಲರಿಗೂ ಕೇಳುವಂತೆ ‘ನಿಲ್ಲಿಸಿ’ ಎಂದು ಹೇಳಿ, ಹತ್ತಿರದವನಿಗೆ ಮೆಲ್ಲಗೆ ‘ನಿಲ್ಲಿಸಬೇಡ’ ಎಂದವನು ಅವನು. ಧೈರ್ಯವೇನೋ ಮೆಚ್ಚತಕ್ಕದ್ದೇ. ಆದರೆ ಅಧಿಕಾರಿಯು ಆಜ್ಞೆ ಮೀರಿದರೆ ಮಾತ್ರ ನಾಡು ಉಳಿಯುವದಾದರೆ, ಅಂಥ ಏರ್ಪಾಡಿಗೆ ಏರ್ಪಾಡೆಂದು ಹೇಗೆ ಹೆಸರಿಡುವದು? ಮತ್ತೊಂದನ್ನೂ ಹೊಗಳುಭಟರು ಮರೆಯುವರು. 15.7 ಮೀಟರ್ ಎತ್ತರದ ಅಲೆ ಬರಬಹುದೆಂದು 2008ರಲ್ಲಿಯೇ ಆ ಕಂಪನಿಯೊಳಗೆ ಲೆಕ್ಕವಾಗಿತ್ತು. ಆ ಲೆಕ್ಕವನ್ನು ಬದಿಗಿರಿಸಿದ ವಿಭಾಗಕ್ಕೆ ಆಗ ಮುಖ್ಯಸ್ಥನಾಗಿದ್ದವನು ಇದೇ ಯೊಶಿದಾ. ಬೆಂಕಿ ಬಿದ್ದ ದಿನದ ಶೌರ್ಯಕ್ಕಿಂತ ಬಾವಿ ತೋಡಬೇಕಾದ ದಿನದ ವಿವೇಕವೇ ಬೆಲೆಯುಳ್ಳದ್ದು. ಆದರೆ ಅದಕ್ಕೆ ಯಾರೂ ಹಾರ ಹಾಕುವದಿಲ್ಲ.

ಕೈಗಾದಲ್ಲಿ ಆ ವಿವೇಕವು ಹೇಗಿತ್ತು? 1994ನೆಯ ಮೇ 13ರಂದು, ಕಟ್ಟುತ್ತಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಸೀಳಿ, ನೂರು ಟನ್ನಿಗೂ ಮೇಲ್ಪಟ್ಟ ಭಾರ ಕೆಳಗೆ ಬಿತ್ತು, ಕೆಲಸಗಾರರು ಗಾಯಗೊಂಡರು. ಬೀದರಿನ ಹತ್ತಿರ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಐದು ಶತಮಾನ ದಾಟಿ ನಿಂತಿವೆ. ಅವುಗಳಲ್ಲೊಂದನ್ನು ಸಿಡಿಲು ಸೀಳಿತು. ಕೈಗಾದ್ದನ್ನು ಯಾವ ಸಿಡಿಲೂ ಮುಟ್ಟಿರಲಿಲ್ಲ. ಬಿಗಿದ ಉಕ್ಕಿನ ಹುರಿಗಳ ಎಳೆತವನ್ನು ತಡೆಯುವಷ್ಟು ಅಡ್ಡಕಂಬಿಗಳು ವಿನ್ಯಾಸದಲ್ಲಿಯೇ ಇರಲಿಲ್ಲ. ಅಪಘಾತದ ದಿನ ವಿಷವನ್ನು ಒಳಗೇ ಹಿಡಿದಿಡಬೇಕಾದದ್ದು ಇದೇ ಗುಮ್ಮಟ! ಇಂಧನ ತುಂಬುವ ಮೊದಲೇ ಅದು ಬಿದ್ದದ್ದು ನಾಡಿನ ಪುಣ್ಯವೇ ಹೊರತು ಯಾರ ದಕ್ಷತೆಯೂ ಅಲ್ಲ. ವಿನ್ಯಾಸವನ್ನು ಪರೀಕ್ಷಿಸಿ ಬೇಡವೆನ್ನಬೇಕಾಗಿದ್ದ ಅಣುಶಕ್ತಿ ನಿಯಂತ್ರಣ ಮಂಡಳಿಯು ಆಗ ಅಣುಶಕ್ತಿ ಆಯೋಗಕ್ಕೇ ಉತ್ತರ ಹೇಳಬೇಕಾಗಿತ್ತು. ಕಟ್ಟಿಸುವ ಇಲಾಖೆಯ ಕಾರ್ಯದರ್ಶಿಯೇ ಆಯೋಗದ ಅಧ್ಯಕ್ಷ. ಸೊಸೆಯ ತಪ್ಪಿಗೆ ಅತ್ತೆ, ಅತ್ತೆಯ ತಪ್ಪಿಗೆ ಸೊಸೆ ಸಾಕ್ಷಿ ಹೇಳಿದಂತೆ. ಅಂದು ಮಂಡಳಿಯ ಅಧ್ಯಕ್ಷರಾಗಿದ್ದ ಡಾಕ್ಟರ್ ಎ. ಗೋಪಾಲಕೃಷ್ಣನ್ ಅವರೇ ಮಂಡಳಿಗೆ ಸ್ವಾತಂತ್ರ್ಯವಿಲ್ಲವೆಂದು ಮುಂದೆ ಬಹಿರಂಗವಾಗಿ ಹಲವು ಸಲ ಬರೆದರು. ಕೈಗಾ ಬೇಡವೆಂದು ಹೋರಾಡಿದ ಶಿವರಾಮ ಕಾರಂತರನ್ನು ಕಾದಂಬರಿಕಾರರಿಗೆ ಯಂತ್ರದ ಗೊಡವೆಯೇಕೆಂದು ಅಣಕಿಸಿದವರು, ಕಾದಂಬರಿ ಬರೆಯದವರು ಕಟ್ಟಿದ ಗುಮ್ಮಟ ಬಿದ್ದಾಗ ಏನೆಂದರೋ!

ಗುಮ್ಮಟವನ್ನು ಹೊಸ ವಿನ್ಯಾಸದಿಂದ ಕಟ್ಟಿದರು. ಅದೇ ಒಂದನೆಯ ಘಟಕವು 2018ರ ಡಿಸೆಂಬರ್ ವರೆಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ನ್ಯಾಯವಾಗಿ ಇದನ್ನೂ ಹೇಳಬೇಕು. ಆದರೆ 2009ನೆಯ ನವೆಂಬರದಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರಿನೊಳಗೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ಒಡಲು ಸೇರಿದ ಸಂಗತಿಯನ್ನೂ ಹೇಳಬೇಕು. ಪ್ರಮಾಣವು ಬಹುಪಾಲು ಜನರಲ್ಲಿ ಮಿತಿಯೊಳಗೇ ಇತ್ತು. ಮೂತ್ರಪರೀಕ್ಷೆಯಿಂದ ಅದು ಒಳಗಿನವರಿಗೆ ತಿಳಿಯಿತು. ಹೊರಗಿನವರು ಕೆಲವು ದಿನ ಕಳೆದ ಮೇಲೆ ವೃತ್ತಪತ್ರಗಳಲ್ಲಿ ಓದಿದರು. ಸಣ್ಣ ಸಂಗತಿಯನ್ನು ಅಂದಂದೇ ಹೇಳುವ ರೂಢಿಯಿಲ್ಲದ ಬಾಯಿಗೆ ದೊಡ್ಡದನ್ನು ಹೇಳುವ ಶಕ್ತಿ ಎಲ್ಲಿಂದ ಬಂದೀತು?

ಇನ್ನು ಗಾಬರಿಯ ಮಾತು. ಅಮೇರಿಕೆಯ ತ್ರೀ ಮೈಲ್ ಐಲೆಂಡಿನಲ್ಲಿ 1979ನೆಯ ಮಾರ್ಚ್ 28ರ ಅಪಘಾತದ ತರುವಾಯ ಕಂಪನಿಯೊಂದು ಹೇಳಿತು, ಸರಕಾರವೊಂದು ಹೇಳಿತು. ಲಕ್ಷಕ್ಕೂ ಮೇಲ್ಪಟ್ಟ ಜನ ಊರು ಬಿಟ್ಟರು. ಹೆರಾಲ್ಡ್ ಡೆಂಟನ್ ಎಂಬ ಒಬ್ಬ ಅಧಿಕಾರಿ ಬಂದು ತಿಳಿದದ್ದನ್ನೂ ತಿಳಿಯದ್ದನ್ನೂ ಸರಳ ಮಾತಿನಲ್ಲಿ ಹೇಳತೊಡಗಿದ ಮೇಲೆ ಜನರ ಮನಸ್ಸು ತಿಳಿಯಾಯಿತು. ಜಪಾನಿನ ಮಿಹಾರು ಎಂಬ ಸಣ್ಣ ಪಟ್ಟಣದ ಆಡಳಿತವು ಗಾಳಿಮಳೆಗಳನ್ನು ತಾನೇ ಗಮನಿಸಿ, 2011ರ ಮಾರ್ಚ್ 15ರಂದು, ಮೇಲಿನ ಅಪ್ಪಣೆ ಬರುವ ಮೊದಲೇ ಅಯೋಡಿನ್ ಗುಳಿಗೆಗಳನ್ನು ಹಂಚಿತು. ತಿರುಗಿ ಸಂಗ್ರಹಿಸಿರೆಂದು ಪ್ರಾಂತಾಧಿಕಾರಿಗಳು ಹೇಳಿದಾಗ ಒಪ್ಪಲಿಲ್ಲ. ಆ ಗುಳಿಗೆ ವಿಷ ಮೈಸೇರುವ ಮೊದಲು, ಇಲ್ಲವೆ ಕೂಡಲೇ ನುಂಗಿದರೆ ಗಂಟಲಿನ ಗ್ರಂಥಿಯನ್ನು ಕಾಯುವದು, ದಿನಗಳೆದರೆ ನಿರುಪಯೋಗಿ. ಕಾಗದ ಟೋಕಿಯೊಗೆ ಹೋಗಿ ಬರುವತನಕ ಗ್ರಂಥಿ ಕಾಯುವದಿಲ್ಲ.

ಭಾರತದ ಏರ್ಪಾಡಿನಲ್ಲಿ ಸ್ಥಾವರದ ಬೇಲಿಯ ಹೊರಗಿನ ರಕ್ಷಣೆಯ ಭಾರ ಜಿಲ್ಲಾಧಿಕಾರಿಯದು. ಸುತ್ತಲಿನ 16 ಕಿಲೋಮೀಟರು ಆ ಯೋಜನೆಯ ಕ್ಷೇತ್ರ. ಜಿಲ್ಲಾಧಿಕಾರಿ ಇಂದು ಕಾರವಾರದಲ್ಲಿ, ನಾಳೆ ಬೀದರಿನಲ್ಲಿ. ಊರಿನಲ್ಲಿಯೇ ಉಳಿಯುವವರು ಗ್ರಾಮಪಂಚಾಯತಿಯವರು, ಶಾಲೆಯ ಮಾಸ್ತರರು, ದಾದಿಯರು. ಗುಳಿಗೆಯ ಪೆಟ್ಟಿಗೆ ಇವರ ಕೈಯಲ್ಲಿರಬೇಕು. ಯಾವ ಗಾಳಿಗೆ ಯಾವ ದಾರಿ ಹಿಡಿಯಬೇಕೆಂಬ ಯೋಜನೆ ಕನ್ನಡದಲ್ಲಿ ಇವರ ಗೋಡೆಯ ಮೇಲಿರಬೇಕು. ಅಳತೆಯ ಅಂಕೆಗಳು ಸ್ಥಾವರದ ಅಧಿಕಾರಿಗೆ ಕಾಣುವಾಗಲೇ ಇವರಿಗೂ ಕಾಣಬೇಕು. ತಲಾ 700 ಮೆಗಾವ್ಯಾಟಿನ ಐದನೆಯ, ಆರನೆಯ ಘಟಕಗಳಿಗೆ ಕೇಂದ್ರ ಸರಕಾರವು 2017ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಅವುಗಳ ಗುಮ್ಮಟ ಏರುವ ಮೊದಲೇ ಈ ಮೂರನ್ನು ಕೇಳಿ ಪಡೆಯುವದು ಕಾರವಾರ, ಯಲ್ಲಾಪುರಗಳವರ ಹಕ್ಕು. ಆ ವಿದ್ಯುತ್ತಿನಲ್ಲಿ ದೀಪ ಹಚ್ಚಿಕೊಳ್ಳುವ ಕಲ್ಯಾಣದವರು ಅವರ ಜೊತೆಗೆ ದನಿಗೂಡಿಸುವದು ಋಣ.